ಜೆರ್ಸಿಯ ಬಣ್ಣ ಯಾರದ್ದು?

2012ರ ಜೂನ್‌ನಲ್ಲಿ ಕಾರ್ಡಿಫ್ ಸಿಟಿ ಅನ್ನೋ ಫುಟ್‌ಬಾಲ್ ಕ್ಲಬ್ ತನ್ನ ಅಭಿಮಾನಿಗಳಿಗೆ ಒಂದು ಸುದ್ದಿ ಕೊಟ್ಟಿತು. ಮುಂದಿನ ಸೀಸನ್‌ನಿಂದ ಟೀಮು ಕೆಂಪು ಜೆರ್ಸಿ ಹಾಕಿ ಆಡುತ್ತೆ. ಲಾಂಛನದಲ್ಲಿದ್ದ ನೀಲಿ ಹಕ್ಕಿ ಚಿಕ್ಕದಾಗಿ ಕೆಳಗೆ ಹೋಗುತ್ತೆ, ಅದರ ಜಾಗಕ್ಕೆ ಕೆಂಪು ಡ್ರ್ಯಾಗನ್ ಬರುತ್ತೆ. ನೀಲಿ ಬೇಕಾದವರಿಗೆ ಬೇರೆ ಊರಲ್ಲಿ ಆಡುವಾಗ ಹಾಕೋ ಅವೇ ಜೆರ್ಸಿಯಲ್ಲಿ ನೀಲಿ ಇರುತ್ತೆ.

ಕಾರ್ಡಿಫ್ ವೇಲ್ಸ್‌ನ ರಾಜಧಾನಿ, ಆದರೆ ಈ ಕ್ಲಬ್ ಆಡೋದು ಇಂಗ್ಲೆಂಡಿನ ಲೀಗ್‌ಗಳಲ್ಲಿ. ಶುರುವಾಗಿದ್ದು 1899ರಲ್ಲಿ, ರಿವರ್‌ಸೈಡ್ ಅನ್ನೋ ಹೆಸರಲ್ಲಿ. 1908ರಲ್ಲಿ ಕಾರ್ಡಿಫ್ ಸಿಟಿ ಅಂತ ಹೆಸರಾಯ್ತು, ನೀಲಿ ಬಂದಿದ್ದೂ ಅದೇ ಹೊತ್ತಿಗೆ. ಮೇಟರ್‌ಲಿಂಕ್ ಬರೆದ 'ದಿ ಬ್ಲೂ ಬರ್ಡ್' ಅನ್ನೋ ನಾಟಕ 1911ರಲ್ಲಿ ಆ ಊರಲ್ಲಿ ಪ್ರದರ್ಶನ ಆಯ್ತು. ಜನ ನೀಲಿ ಅಂಗಿಯ ಹುಡುಗರನ್ನ ಬ್ಲೂಬರ್ಡ್ಸ್ ಅಂತ ಕರೆಯೋಕೆ ಶುರು ಮಾಡಿದರು, ಅದೇ ಉಳ್ಕೊಂಡ್ತು. ಬ್ರ್ಯಾಂಡ್ ಕನ್ಸಲ್ಟೆಂಟ್ ಕೊಟ್ಟ ಹೆಸರಲ್ಲ ನೋಡಿ.

1927ರಲ್ಲಿ ಈ ಕ್ಲಬ್ ವೆಂಬ್ಲಿಯಲ್ಲಿ ಆರ್ಸೆನಲ್ ಮೇಲೆ 1-0 ಗೆದ್ದು ಎಫ್‌ಎ ಕಪ್ ಎತ್ತಿತು. ಇಂಗ್ಲೆಂಡಿನ ಆಚೆಗಿನ ಕ್ಲಬ್ಬೊಂದು ಆ ಕಪ್ ಗೆದ್ದಿದ್ದು ಅದೊಂದೇ ಸಲ, ಇವತ್ತಿನವರೆಗೂ. ಆ ದಿನ ಕೆಂಪು ಹಾಕಿದ್ದೋರು ಸೋತ ಆರ್ಸೆನಲ್‌ನೋರು. ಚೆಂಡು ಅವರ ಗೋಲ್‌ಕೀಪರ್ ಕೈಯಿಂದ ಜಾರಿ ಗೋಲ್ ಆಯ್ತು, ಹೊಸ ಜೆರ್ಸಿಯ ನುಣುಪಿಗೇ ಜಾರಿತು ಅಂತ ಒಂದು ಕಥೆ ಇದೆ. ಸೋತವರು ಬಟ್ಟೆಯನ್ನ ಬೈಯೋದು ಎಲ್ಲಾ ಊರಲ್ಲೂ ಒಂದೇ ಅನ್ಸುತ್ತೆ. ಇನ್ನೊಂದು ವಿಷಯ: ಸಮುದ್ರದ ಆಚೆ ದಡದಲ್ಲಿರೋ, ಕಾರ್ಡಿಫ್‌ನೋರಿಗೆ ಕಂಡರೆ ಆಗದ ಬ್ರಿಸ್ಟಲ್ ಸಿಟಿಯ ಬಣ್ಣ ಕೂಡ ಕೆಂಪೇ.

ಇಷ್ಟೆಲ್ಲಾ ಇದ್ದೂ ಬಣ್ಣ ಬದಲಾಯ್ತು. ಯಾಕೆ ಅಂದ್ರೆ ದುಡ್ಡು. 2010ರ ಆರಂಭದಲ್ಲಿ ತೆರಿಗೆ ಬಾಕಿಗಾಗಿ ಇಲಾಖೆಯವರು ಕ್ಲಬ್ಬನ್ನೇ ಮುಚ್ಚಿಸಿ ಅಂತ ಕೋರ್ಟಿಗೆ ಹೋಗಿದ್ದರು. ಆ ವರ್ಷ ಮಲೇಷ್ಯಾದ ಹೂಡಿಕೆದಾರರು ಬಂದರು. ಅವರಲ್ಲಿ ಮುಖ್ಯರಾದವರು ಬರ್ಜಾಯ ಸಮೂಹದ ವಿನ್ಸೆಂಟ್ ಟಾನ್. ಕೆಂಪು ಮತ್ತು ಡ್ರ್ಯಾಗನ್ ಏಷ್ಯಾದಲ್ಲಿ ಅದೃಷ್ಟದ ಗುರುತು, ಅದರಿಂದ ಅಲ್ಲಿನ ಮಾರುಕಟ್ಟೆ ತೆರೆದುಕೊಳ್ಳುತ್ತೆ ಅನ್ನೋದು ಅವರ ವಾದ. ವೇಲ್ಸ್ ಬಾವುಟದಲ್ಲೂ ಕೆಂಪು ಡ್ರ್ಯಾಗನ್ ಇರೋದರಿಂದ ಸ್ಥಳೀಯರಿಗೂ ಹೊಂದುತ್ತೆ ಅಂತ ಲೆಕ್ಕ. ಬದಲಿಗೆ ಹೂಡಿಕೆ ಬರುತ್ತೆ, 10 ಕೋಟಿ ಪೌಂಡ್‌ವರೆಗೂ ಅಂತ ಪತ್ರಿಕೆಗಳು ಬರೆದವು.

ನನಗೆ ಕುತೂಹಲ ಹುಟ್ಟಿಸಿದ್ದು ಆ ವರ್ಷದ ಮೇ ತಿಂಗಳು. ಬಣ್ಣದ ಸುದ್ದಿ ಮೊದಲು ಸೋರಿದ್ದು ಆಗಲೇ. ಅಭಿಮಾನಿಗಳು ರೊಚ್ಚಿಗೆದ್ದರು. ಎರಡು ಮೂರು ದಿನದಲ್ಲೇ ಕ್ಲಬ್ಬಿನ ಅಧ್ಯಕ್ಷರು ಬಹಿರಂಗ ಪತ್ರ ಬರೆದು ಯೋಜನೆ ಕೈಬಿಟ್ಟಿದ್ದೀವಿ ಅಂದರು. ಹೂಡಿಕೆಯ ವಿಷಯವನ್ನೂ ಮತ್ತೆ ಯೋಚಿಸಬೇಕಾಗುತ್ತೆ ಅನ್ನೋ ಧ್ವನಿ ಅದರಲ್ಲೇ ಇತ್ತು. ಆಗ ಅಭಿಮಾನಿಗಳೇ ಎರಡು ಹೋಳಾದರು. ಬಣ್ಣ ಹೋದರೆ ಹೋಗಲಿ, ಕ್ಲಬ್ ಉಳಿಯಲಿ, ಪ್ರೀಮಿಯರ್ ಲೀಗ್ ನೋಡೋಣ ಅಂತ ಬಹಳ ಜನ ಅಂದರು. ಇನ್ನು ಕೆಲವರು ಅವರನ್ನ ಮಾರಿಕೊಂಡವರು ಅಂತ ಬೈದರು. ಒಂದು ತಿಂಗಳೊಳಗೆ ಕೆಂಪು ಖಾಯಂ ಆಯ್ತು.

ಒಪ್ಪಿಕೊಂಡವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಅವರ ಜಾಗದಲ್ಲಿ ನಿಂತು ಯೋಚಿಸಿ. 1962ರಿಂದ ಕ್ಲಬ್ ಮೇಲಿನ ದರ್ಜೆ ಕಂಡಿಲ್ಲ. ಎರಡು ವರ್ಷದ ಹಿಂದೆ ಬಾಗಿಲು ಮುಚ್ಚೋ ಹಂತಕ್ಕೆ ಹೋಗಿತ್ತು. ಒಬ್ಬ ಬಂದು, ಎಲ್ಲಾ ಸರಿ ಮಾಡ್ತೀನಿ, ಬಣ್ಣ ಒಂದು ನನಗೆ ಬಿಟ್ಟುಕೊಡಿ ಅಂತಾನೆ. ಐಸಿಯು ಹೊರಗೆ ನಿಂತವರ ಕೈಗೆ ಫಾರಂ ಕೊಟ್ಟರೆ ಯಾರಾದರೂ ಓದಿ ಸಹಿ ಹಾಕ್ತಾರಾ? ಹಾಕಿದ ಸಹಿ ಸುಳ್ಳಲ್ಲ, ಆದರೆ ಅದನ್ನ ಒಪ್ಪಿಗೆ ಅಂತ ಕರೆಯೋಕೆ ನನಗೆ ಹಿಂಜರಿಕೆ ಆಗುತ್ತೆ. ಆ ಜನ ಬಣ್ಣವನ್ನ ಮಾರಲಿಲ್ಲ. ಅದಕ್ಕೊಂದು ಬೆಲೆ ಇದೆ ಅಂತ ಬೇರೆಯವರು ಬಂದು ಹೇಳೋವರೆಗೆ ಅದು ಮಾರೋ ಸಾಮಾನೇ ಆಗಿರಲಿಲ್ಲ. ಬೆಲೆ ಹೇಳಿದ ಮೇಲೆ ಬೇಡ ಅನ್ನೋದಕ್ಕೂ ಒಂದು ಖರ್ಚು ಬಂತು. ಬೇಡ ಅಂದವನು, ನಿನ್ನ ಹಟದಿಂದ ಕ್ಲಬ್ ಮುಳುಗಿತು ಅನ್ನೋ ಮಾತು ಕೇಳೋಕೆ ತಯಾರಿರಬೇಕು.

ಇಲ್ಲಿ ನನ್ನ ಆಫೀಸಿನ ಗೆಳೆಯನ ವಾದ ಹೇಳಿಬಿಡ್ತೀನಿ, ಯಾಕಂದ್ರೆ ಅದು ಸುಲಭಕ್ಕೆ ತಳ್ಳಿಹಾಕೋ ಅಂಥದ್ದಲ್ಲ. "ಮಗಾ, ಅಷ್ಟು ದುಡ್ಡು ಸುರಿದವನಿಗೆ ಒಂದು ಬಣ್ಣ ಆರಿಸೋ ಹಕ್ಕಿಲ್ವಾ? ಅಷ್ಟು ಪ್ರೀತಿ ಇದ್ರೆ ಫ್ಯಾನ್ಸೇ ಕೊಂಡ್ಕೋಬೇಕಿತ್ತು. ನಮ್ಮ ಕಂಪನಿ ಮಾರಾಟ ಆದಾಗ ನೀನೇನು ಅತ್ತಿದ್ಯಾ?"

ಇಲ್ಲ, ಅಳಲಿಲ್ಲ. ನಮ್ಮ ಕಂಪನಿಯನ್ನ ಹೊರದೇಶದ ದೊಡ್ಡ ಕಂಪನಿಯೊಂದು ಕೊಂಡ ವಾರವೇ ಐಡಿ ಕಾರ್ಡ್ ಟ್ಯಾಗಿನ ಬಣ್ಣ ಬದಲಾಯ್ತು, ಗೋಡೆ ಬದಲಾಯ್ತು, ಎಲ್ಲರ ಡೆಸ್ಕಿನ ಮೇಲೆ ಒಂದೊಂದು ಹೊಸ ಟೀ ಶರ್ಟು ಬಂದು ಕೂತಿತು. ಹಳೇ ಟೀ ಶರ್ಟು ಈಗ ಬೈಕ್ ಒರೆಸೋಕೆ ಇದೆ. ಆದರೆ ಆ ಟ್ಯಾಗ್ ಹಾಕ್ಕೊಳ್ಳೋಕೆ ನನಗೆ ತಿಂಗಳ ಕೊನೆಗೆ ಸಂಬಳ ಬರ್ತಿತ್ತು. ಇಷ್ಟ ಇಲ್ಲ ಅಂದ್ರೆ ಪೇಪರ್ ಹಾಕಿ ಹೊರ ವರ್ತುಲ ರಸ್ತೆಯಲ್ಲೇ ಇನ್ನೊಂದು ಗೇಟ್ ಒಳಗೆ ಹೋಗಬಹುದಿತ್ತು. ಕಾರ್ಡಿಫ್ ಅಭಿಮಾನಿ ಸಂಬಳ ತಗೊಳ್ಳಲ್ಲ, ಟಿಕೆಟ್‌ಗೆ ದುಡ್ಡು ಕೊಡ್ತಾನೆ. ಮತ್ತೆ ಅವನು ಬೇಜಾರಾಗಿ ಬ್ರಿಸ್ಟಲ್‌ಗೆ ಹೋಗೋಕಾಗಲ್ಲ. ಅಂಗಡಿಯವನು ಸರಿಯಿಲ್ಲ ಅಂದ್ರೆ ಗಿರಾಕಿ ಬೇರೆ ಅಂಗಡಿಗೆ ಹೋಗ್ತಾನೆ ಅನ್ನೋ ಭಯವೇ ವ್ಯಾಪಾರಸ್ಥನನ್ನ ನೆಟ್ಟಗೆ ಇಡೋದು. ಫುಟ್‌ಬಾಲ್‌ನಲ್ಲಿ ಆ ಭಯ ಇಲ್ಲ. ನಮ್ಮ ಕಡೆ ವೆಂಡರ್ ಲಾಕ್-ಇನ್ ಅಂತೀವಲ್ಲ, ಅದರ ಅಪ್ಪನಂಥ ಲಾಕ್-ಇನ್ ಇದು. ಗಿರಾಕಿ ಎಲ್ಲಿಗೂ ಹೋಗಲ್ಲ ಅಂತ ಗೊತ್ತಿದ್ದೇ ಮಾಲೀಕನಿಗೆ ಧೈರ್ಯ ಬರೋದು. ಅಂದ್ರೆ ಅಭಿಮಾನಿಯ ನಿಷ್ಠೆಯೇ ಅವನ ವಿರುದ್ಧ ಕೆಲಸ ಮಾಡುತ್ತೆ.

ಇನ್ನು ದುಡ್ಡು ಕೊಟ್ಟವನ ಹಕ್ಕು. ನಮ್ಮೂರ ದೇವಸ್ಥಾನದಲ್ಲಿ ದಾನ ಕೊಟ್ಟವರ ಹೆಸರು ಟ್ಯೂಬ್‌ಲೈಟಿನ ಮೇಲೇ ಬರೆದಿರ್ತಾರೆ. ಹೆಸರು ಉದ್ದ ಇದ್ದಷ್ಟೂ ಬೆಳಕು ಕಮ್ಮಿ. ಬೆಂಗಳೂರಲ್ಲಿ ಸೈಟ್ ವ್ಯಾಪಾರ ಮಾಡಿ ದುಡ್ಡು ಕಂಡವರು ಬಂದು ಮುಂದಿನ ಮಂಟಪ ಕಟ್ಟಿಸಿದರು, ಕಮಾನಿನ ಮೇಲೆ ಅಪ್ಪ ಅಮ್ಮನ ಹೆಸರು ಹಾಕಿಸಿದರು. ಯಾರೂ ಏನೂ ಅನ್ನಲಿಲ್ಲ, ಪಂಕ್ತಿಯಲ್ಲಿ ಅವರನ್ನ ಮೊದಲು ಕೂರಿಸ್ತಾರೆ. ಆದರೆ ಅವರೇನಾದರೂ ಅಮ್ಮನಿಗೆ ಉಡಿಸೋ ಸೀರೆಯ ಬಣ್ಣ ನನ್ನ ಬಿಸಿನೆಸ್‌ಗೆ ಆಗಿಬರಲ್ಲ, ಬದಲಾಯಿಸಿ ಅಂದಿದ್ದರೆ, ಆ ಮಂಟಪವನ್ನ ನೀನೇ ಹೊತ್ಕೊಂಡು ಹೋಗು ಮಾರಾಯ ಅಂತಿದ್ದರು. ಎಲ್ಲಿವರೆಗೆ ಕೊಟ್ಟವನದ್ದು, ಎಲ್ಲಿಂದ ಊರಿನದ್ದು ಅನ್ನೋ ಗೆರೆಯನ್ನ ಅಲ್ಲಿ ಯಾರೂ ಪತ್ರದಲ್ಲಿ ಬರೆದಿಲ್ಲ. ಆದ್ರೂ ಅದು ಎಲ್ಲರಿಗೂ ಗೊತ್ತು. ಕ್ಲಬ್ಬಿನ ಷೇರು, ಆಟಗಾರರ ಕರಾರು, ಸಾಲ, ಇವೆಲ್ಲ ಟಾನ್ ಕೊಂಡ ಆಸ್ತಿ. ನೂರನಾಲ್ಕು ವರ್ಷ ನೀಲಿಗೆ ಅರ್ಥ ತುಂಬಿದ್ದು ಮಳೆಯಲ್ಲಿ ನಿಂತು ಸೋಲು ನೋಡಿದ ಜನ. ಅವರು ತುಂಬಿದ್ದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇರಲಿಲ್ಲ, ಹಾಗಾಗಿ ಯಾರೂ ಅದನ್ನ ಮಾರಿರಲೂ ಇಲ್ಲ, ಟಾನ್ ಕೊಂಡಿರಲೂ ಇಲ್ಲ.

ಸಂಪ್ರದಾಯ ಅಂತ ಸುಮ್ಮನೆ ಹೇಳಿದರೆ ಸಾಲದು ಅನ್ನೋದೂ ನಿಜ. ಕಾರ್ಡಿಫ್‌ನ ಮೊದಲ ಬಣ್ಣವೇ ನೀಲಿ ಅಲ್ಲ, ರಿವರ್‌ಸೈಡ್ ಕಾಲದಲ್ಲಿ ಚಾಕೊಲೇಟ್ ಮತ್ತು ಹಳದಿ ಇತ್ತು. ಯುವೆಂಟಸ್ ಮೊದಲು ಗುಲಾಬಿ ಹಾಕ್ತಿತ್ತು, 1903ರಲ್ಲಿ ನಾಟಿಂಗ್‌ಹ್ಯಾಮ್‌ನಿಂದ ತರಿಸಿದ ಅಂಗಿಗಳಿಂದ ಕಪ್ಪು ಬಿಳಿ ಆಯ್ತು. ಲಿವರ್‌ಪೂಲ್ ಶುರುವಿನಲ್ಲಿ ನೀಲಿ ಬಿಳಿ ಹಾಕ್ತಿತ್ತು ಅಂದ್ರೆ ನಮ್ಮ ಆಫೀಸಿನ ಅರ್ಧ ಫ್ಲೋರ್ ನಂಬಲ್ಲ. ಲೀಡ್ಸ್‌ಗೆ ಪೂರ್ತಿ ಬಿಳಿ ತೊಡಿಸಿದ್ದು ಮ್ಯಾನೇಜರ್ ಡಾನ್ ರೆವಿ, ರಿಯಲ್ ಮ್ಯಾಡ್ರಿಡ್ ಥರ ಆಗಬೇಕು ಅಂತ. ಯಾರ ವೋಟೂ ಕೇಳಿರಲಿಲ್ಲ. ಹಾಗಾದ್ರೆ ರೆವಿ ಮಾಡಿದ್ದು ಸರಿ, ಟಾನ್ ಮಾಡಿದ್ದು ತಪ್ಪು ಅನ್ನೋಕೆ ನನ್ನ ಹತ್ರ ಏನಿದೆ?

ಇದನ್ನ ಬಹಳ ದಿನ ಯೋಚಿಸಿದ್ದೀನಿ. ನನಗೆ ಹೊಳೆದಿದ್ದು ಇಷ್ಟು. ರೆವಿ ಬಿಳಿ ಹಾಕಿಸಿದ್ದು ಹಾಕ್ಕೊಳ್ಳೋ ಹುಡುಗರಿಗೆ ಮತ್ತು ಅವರನ್ನ ನೋಡೋಕೆ ಬರೋ ಊರಿಗೆ ನೀವು ಇನ್ನೂ ದೊಡ್ಡವರಾಗಬಹುದು ಅಂತ ಹೇಳೋಕೆ. ಒಪ್ಪದಿದ್ದರೆ ಕ್ಲಬ್ ಮುಳುಗುತ್ತೆ ಅನ್ನೋ ಷರತ್ತು ಅದರ ಹಿಂದೆ ಇರಲಿಲ್ಲ. ಕಾರ್ಡಿಫ್‌ನ ಕೆಂಪು ಆ ಊರಿನ ಜನರ ಕಡೆ ಮುಖ ಮಾಡಿರಲೇ ಇಲ್ಲ. ಸ್ಟೇಡಿಯಂನಲ್ಲಿ ಕೂತವರನ್ನ ದಾಟಿ, ಸಾವಿರಾರು ಮೈಲಿ ದೂರದಲ್ಲಿ ಟಿವಿ ಮುಂದೆ ಕೂತ ಇನ್ಯಾರನ್ನೋ ನೋಡ್ತಿತ್ತು.

ಹೊರದೇಶದವರು ಅನ್ನೋದು ಇಲ್ಲಿ ಮುಖ್ಯ ಅಂತ ನನಗನ್ಸಲ್ಲ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2005ರಲ್ಲಿ ಊರಿನ ಕ್ಲಬ್ಬನ್ನ ಕೊಂಡಿದ್ದು ಅದೇ ದೇಶದ ರೆಡ್ ಬುಲ್. ನೇರಳೆ ಬಿಳಿ ಹೋಗಿ ಕೆಂಪು ಬಿಳಿ ಬಂತು, ಹೆಸರೂ ಹೋಯ್ತು. ಅಭಿಮಾನಿಗಳಲ್ಲಿ ಒಂದು ಗುಂಪು ಹೊರಬಂದು ಹಳೇ ಹೆಸರು, ಹಳೇ ನೇರಳೆಯಲ್ಲೇ ತಮ್ಮದೇ ಕ್ಲಬ್ ಕಟ್ಟಿ ಏಳನೇ ದರ್ಜೆಯಿಂದ ಆಡೋಕೆ ಶುರು ಮಾಡಿದರು. ಒಂದು ಕಡೆ ಚಾಂಪಿಯನ್ಸ್ ಲೀಗ್, ಇನ್ನೊಂದು ಕಡೆ ಹಳ್ಳಿ ಮೈದಾನ. ಅದೇ ಊರು. ನಮ್ಮಲ್ಲೇ ನೋಡಿ, 2020ರಲ್ಲಿ ಮೋಹನ್ ಬಗಾನ್ ಫುಟ್‌ಬಾಲ್ ವಿಭಾಗದ ಶೇಕಡಾ 80ರಷ್ಟನ್ನ ಕೋಲ್ಕತ್ತಾದ್ದೇ ಆದ ಗೋಯೆಂಕಾ ಸಮೂಹ ತಗೊಂಡಿತು. ಹಸಿರು ಮೆರೂನ್ ಬಣ್ಣ ಮುಟ್ಟಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ ಅನ್ಸುತ್ತೆ. ಆದರೆ 1889ರ ಕ್ಲಬ್ಬಿನ ಹೆಸರಿನ ಮುಂದೆ ತಮ್ಮ ಎಟಿಕೆ ಸೇರಿಸಿದರು. ಅಭಿಮಾನಿಗಳು ಬಿಡದೆ ಜಗಳ ಮಾಡಿ 2023ರಲ್ಲಿ ಅದನ್ನ ತೆಗೆಸಿದರು. ಹಿಂದೆ ಸೂಪರ್ ಜೈಂಟ್ ಅಂತ ಬಾಲ ಬಂತು, ಅದು ಬೇರೆ ಮಾತು.

ಕಾರ್ಡಿಫ್‌ಗೆ ಬರೋಣ. ಕೆಂಪು ಗೆದ್ದಿತು! ಇದೇ ಈ ಕಥೆಯ ತಮಾಷೆ. ಕೆಂಪು ಹಾಕಿದ ಮೊದಲ ಸೀಸನ್ನಲ್ಲೇ, 2013ರಲ್ಲಿ, ಕಾರ್ಡಿಫ್ ಎರಡನೇ ದರ್ಜೆಯ ಚಾಂಪಿಯನ್ ಆಗಿ ಪ್ರೀಮಿಯರ್ ಲೀಗ್‌ಗೆ ಏರಿತು. ಐವತ್ತೊಂದು ವರ್ಷದ ಕಾಯುವಿಕೆ ಮುಗೀತು. ಆ ಆಗಸ್ಟ್‌ನಲ್ಲಿ ತನ್ನ ಮನೆ ಅಂಗಳದ ಮೊದಲ ಪಂದ್ಯದಲ್ಲೇ ಮ್ಯಾಂಚೆಸ್ಟರ್ ಸಿಟಿಯನ್ನ 3-2ರಿಂದ ಸೋಲಿಸಿತು. ಆವತ್ತು ಕಾರ್ಡಿಫ್‌ನಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಜೀವನದ ಅತಿ ಖುಷಿಯ ಸೀಸನ್ ಕೆಂಪು ಬಣ್ಣದ್ದೇ ಆಗಿರುತ್ತೆ. ಅವನ ನೆನಪನ್ನ ನಕಲಿ ಅಂತ ನಾನು ಹೇಗೆ ಹೇಳಲಿ? ಅವನ ಅಪ್ಪ ಮಾತ್ರ ಪಕ್ಕದಲ್ಲಿ ನೀಲಿ ಸ್ಕಾರ್ಫ್ ಹಾಕ್ಕೊಂಡು ಕೂತಿರಬಹುದು. ಕ್ಲಬ್‌ನವರು ಕೆಂಪು ಸ್ಕಾರ್ಫ್‌ಗಳನ್ನ ಪುಕ್ಕಟೆ ಹಂಚಿದ್ದರು. ಪಂದ್ಯದ 19ನೇ ನಿಮಿಷ 27ನೇ ಸೆಕೆಂಡಿಗೆ ಸರಿಯಾಗಿ ಜನ ಎದ್ದು ನಿಂತು ನಾವು ನೀಲಿ ಅಂತ ಹಾಡ್ತಿದ್ದರು, ಆ ಕಪ್ ಗೆದ್ದ 1927ರ ನೆನಪಿಗೆ. ತಮ್ಮ ಟೀಮು ಗೆಲ್ಲಲಿ ಅಂತಾನೇ ಕೂಗ್ತಾರೆ, ಅದು ಹಾಕಿರೋ ಬಟ್ಟೆ ವಿರುದ್ಧಾನೂ ಕೂಗ್ತಾರೆ. ಗೆಲುವು ಬಂದಾಗ ಪೂರ್ತಿ ಖುಷಿಪಡೋ ಹಕ್ಕನ್ನೇ ಕಿತ್ಕೊಳ್ಳೋದು ಸಣ್ಣ ಅನ್ಯಾಯ ಅಲ್ಲ.

ಒಂದೇ ಸೀಸನ್. 2014ರ ಮೇನಲ್ಲಿ ಕಾರ್ಡಿಫ್ ಮತ್ತೆ ಕೆಳಗೆ ಬಿತ್ತು. ಸ್ಟೇಡಿಯಂ ಖಾಲಿಯಾಗತೊಡಗಿತು. 2015ರ ಜನವರಿ 9ರಂದು ಕ್ಲಬ್ ಮತ್ತೊಂದು ಪ್ರಕಟಣೆ ಕೊಟ್ಟಿತು: ನೀಲಿ ವಾಪಸ್, ಕೆಂಪು ಇನ್ನು ಅವೇ ಜೆರ್ಸಿ. ಮಾರನೇ ದಿನವೇ ನೀಲಿಯಲ್ಲಿ ಆಡಿ ಫುಲ್ಹಾಮ್ ಮೇಲೆ 1-0 ಗೆದ್ದರು. ಟಾನ್ ಕೊಟ್ಟ ಕಾರಣಗಳಲ್ಲಿ ಅವರ ತಾಯಿಯ ಮಾತೂ ಒಂದು. ಬೌದ್ಧ ಶ್ರದ್ಧೆಯ ಆ ತಾಯಿ ಒಗ್ಗಟ್ಟು, ಎಲ್ಲರ ಸಂತೋಷ ಮುಖ್ಯ ಅಂತ ಮಗನಿಗೆ ಹೇಳಿದರಂತೆ.

ಇದನ್ನ ಓದಿದಾಗ ನನಗೂ ಮೊದಲು ಒಳ್ಳೇದೇ ಅನ್ನಿಸಿತು. ಅಮ್ಮನ ಮಾತು ಕೇಳೋ ಕೋಟ್ಯಧಿಪತಿ ಯಾರಿಗೆ ಇಷ್ಟ ಆಗಲ್ಲ? ಆದರೆ ಸ್ವಲ್ಪ ನಿಧಾನಕ್ಕೆ ಓದಿ ನೋಡಿ. ನೀಲಿ ಹೋಗಿದ್ದು ಒಬ್ಬರ ಮನಸ್ಸಿನಿಂದ, ಬಂದಿದ್ದೂ ಅದೇ ಒಬ್ಬರ ಮನಸ್ಸಿನಿಂದ. ಜನ ಮೆರವಣಿಗೆ ಮಾಡಿದ್ದರು, ಸೀಸನ್ ಟಿಕೆಟ್ ಬಿಟ್ಟಿದ್ದರು. ಅದರ ಒತ್ತಡ ಇರಲಿಲ್ಲ ಅಂತಲ್ಲ. ಆದರೂ ಅವರಿಗೆ ಸಿಕ್ಕಿದ್ದು ದಾನದ ರೂಪದಲ್ಲಿ. ತಾಯಿ ಬೇರೆ ಥರ ಹೇಳಿದ್ದರೆ? ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕಾದ ಸ್ಥಿತಿಗೆ ಬಂದವನು ಅದು ನಂದೇ ಅಂತ ಇನ್ನು ಗಟ್ಟಿಯಾಗಿ ಹೇಳೋಕಾಗಲ್ಲ. ಬಣ್ಣ ವಾಪಸ್ ಬಂತು, ಹಕ್ಕು ಬರಲಿಲ್ಲ.

ಈ ಕಥೆಯಲ್ಲಿ ನನಗೂ ಒಂದು ಪಾತ್ರ ಇದೆ, ಅದಕ್ಕೇ ಇಷ್ಟು ಬರೆದಿದ್ದು. 2013ರಲ್ಲಿ ಆ ಪಂದ್ಯಗಳನ್ನ ನಾನು ಬಿಟಿಎಂ ಲೇಔಟ್‌ನ ಪಿಜಿಯಲ್ಲಿ, ಎಂಟು ಜನಕ್ಕೆ ಒಂದೇ ಟಿವಿ ಇದ್ದ ಹಾಲ್‌ನಲ್ಲಿ ನೋಡ್ತಿದ್ದೆ. ಹಳ್ಳಿಯಿಂದ ಬಂದು, ಬಿಇ ಮುಗಿಸಿ, ಮೊದಲ ಕೆಲಸ ಹಿಡಿದು, ಶನಿವಾರ ರಾತ್ರಿ ಪ್ರೀಮಿಯರ್ ಲೀಗ್ ನೋಡೋ ಹುಡುಗ. ಆ 'ಏಷ್ಯಾದ ಮಾರುಕಟ್ಟೆ' ಅಂದ್ರೆ ನಾನೇ ಅಲ್ವಾ? ನನ್ನ ಹೆಸರಲ್ಲೇ ಅವರ ಹಕ್ಕಿಯನ್ನ ಚಿಕ್ಕದು ಮಾಡಿದ್ದು. ನನ್ನನ್ನಂತೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಕೆಂಪು ನಮಗೆ ಕುಂಕುಮಾನೂ ಹೌದು, ಸಿಗ್ನಲ್ಲೂ ಹೌದು, ಅದನ್ನ ನೋಡಿ ಟೀಮ್ ಆರಿಸಲ್ಲ ಅಂತಿದ್ದೆ. ನಾವು ದೂರದ ಊರಿನ ಕ್ಲಬ್ ಹಿಂದೆ ಬೀಳೋದೇ ಅದಕ್ಕೆ ತನ್ನದೇ ಒಂದು ಊರು, ಸೋಲು, ಹಾಡು, ಜಗಳ ಇದೆ ಅಂತ. ಮುದ್ದೆ ತಿನ್ನೋಣ ಅಂತ ನಮ್ಮನೆಗೆ ಬಂದವನಿಗೆ, ನಿಮಗೆ ಇಷ್ಟ ಆಗಬಹುದು ಅಂತ ಪಾಸ್ತಾ ಬಡಿಸಿದರೆ ಅವನು ಎರಡನೇ ಸಲ ಬರ್ತಾನಾ? ಪಿಜಿಯ ಎಂಟು ಜನರಲ್ಲಿ ಒಬ್ಬನೂ ಆ ಕೆಂಪು ನೋಡಿ ಕಾರ್ಡಿಫ್ ಫ್ಯಾನ್ ಆಗಲಿಲ್ಲ.

2025ರ ಜುಲೈನಲ್ಲಿ ಬ್ರಿಟನ್‌ನಲ್ಲಿ ಫುಟ್‌ಬಾಲ್ ಆಡಳಿತದ ಹೊಸ ಕಾಯ್ದೆ ಬಂತು. ಲೀಗ್‌ನ ಮೇಲಿನ ಐದು ದರ್ಜೆಯ ಕ್ಲಬ್‌ಗಳು ಲಾಂಛನವನ್ನೋ ಹೋಮ್ ಜೆರ್ಸಿಯ ಮುಖ್ಯ ಬಣ್ಣವನ್ನೋ ಬದಲಾಯಿಸಬೇಕಂದ್ರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರೋ ತಮ್ಮ ಅಭಿಮಾನಿಗಳಲ್ಲಿ ಬಹುಮತ ಅದರ ಪರ ಇದೆ ಅಂತ ಮೊದಲು ಖಚಿತ ಮಾಡ್ಕೋಬೇಕು. ಬೆಂಗಳೂರಲ್ಲಿ ಕೂತ ನನ್ನಂಥವನ ವೋಟು ಅಲ್ಲಿ ಲೆಕ್ಕಕ್ಕಿಲ್ಲ. ನನಗೆ ಒಂದಿಷ್ಟೂ ಬೇಜಾರಿಲ್ಲ. ಐಸಿಯು ಬಾಗಿಲಿನ ಸಹಿಯನ್ನ ಈ ಕಾಯ್ದೆ ಹೇಗೆ ಎಣಿಸುತ್ತೆ, ಸಾಲದಲ್ಲಿ ಮುಳುಗಿದ ಕ್ಲಬ್ಬಿನ ಜನರ ಬಹುಮತ ಎಷ್ಟು ನಿಜ ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತೆ.

ಅದೇ ವರ್ಷದ ಏಪ್ರಿಲ್‌ನಲ್ಲಿ ಕಾರ್ಡಿಫ್ ಮೂರನೇ ದರ್ಜೆಗೆ ಬಿದ್ದಿತ್ತು. ಮಾಲೀಕರು ಆಗಲೂ ಟಾನ್ ಅವರೇ. ಹೋಮ್ ಜೆರ್ಸಿ ನೀಲಿ.